ಸಡಿಲು ಕೈಯದೋ ಗಾಡಿಯದೋ

ಬೀರದೇವನ ಪಿಕಪ್ ಗಾಡಿ ನೇರ ರಸ್ತೆಯಲ್ಲಿ ನೇರವಾಗಿ ಹೋಗುವುದನ್ನು ಬಿಟ್ಟು ಬಹಳ ದಿನಗಳಾಗಿದ್ದವು. ಗಾಡಿ ಎಡಕ್ಕೆ ಸರಿದರೆ ಅವನು ಸ್ಟಿಯರಿಂಗನ್ನು ಬಲಕ್ಕೆ ಎಳೆಯುತ್ತಿದ್ದ. ಎಳೆತದ ಮೊದಲ ಅರ್ಧ ಗೇಣು ಎಲ್ಲಿಯೋ ಕಳೆದುಹೋಗುತ್ತಿತ್ತು. ಉಳಿದದ್ದು ಗಾಲಿಗೆ ಮುಟ್ಟುತ್ತಿತ್ತು. ಮುಟ್ಟಿದ ಮೇಲೆ ಗಾಡಿ ಬಲಕ್ಕೆ ಹೊರಳುತ್ತಿತ್ತು; ಆಗ ಎಡಕ್ಕೆ ಎಳೆಯಬೇಕಾಗುತ್ತಿತ್ತು. ಹೀಗೆ ಎಡಬಲಗಳ ಸರಾಸರಿಯ ಮೇಲೆ ಅವನು ಮಹಾರಾಷ್ಟ್ರದ ಗಡಿಯೊಳಗಿನ ತನ್ನೂರು ದರಿಬಡಚಿಯಿಂದ ಜತ್ತದ ಪೇಟೆಗೆ ಹೋಗಿ ಬರುತ್ತಿದ್ದ. ಸರಾಸರಿ ಯಾವಾಗಲೂ ರಸ್ತೆಯ ನಡುವೆಯೇ ಬೀಳುತ್ತಿದ್ದುದರಿಂದ ಅವನಿಗೆ ಇದರಲ್ಲಿ ದೋಷವೇನೂ ಕಂಡಿರಲಿಲ್ಲ.

ದೋಷ ಕಂಡದ್ದು ಮುಚ್ಚಂಡಿಯ ತಿರುವಿನಲ್ಲಿ ಎದುರು ಬಂದ ಬಸ್ಸಿನ ಚಾಲಕನಿಗೆ. ಅವನು ಬಸ್ಸನ್ನು ರಸ್ತೆಯಿಂದ ಕೆಳಗಿಳಿಸಿ ನಿಲ್ಲಿಸಿ, ಕಿಟಕಿಯಿಂದ ತಲೆ ಹೊರಹಾಕಿ, ಬೀರದೇವನ ವಂಶದ ಬಗ್ಗೆ ಮರಾಠಿಯಲ್ಲಿ ಕೆಲವು ಪ್ರಶ್ನೆಗಳನ್ನು ಕೇಳಿದ. ಬೀರದೇವನಿಗೆ ಮರಾಠಿ ಚೆನ್ನಾಗಿ ಬರುತ್ತಿತ್ತು. ಆದರೂ ಉತ್ತರ ಕೊಡಲಿಲ್ಲ. ಗಾಡಿಯ ಹಿಂಭಾಗದಲ್ಲಿ ಕುರಿಗಳ ನಡುವೆ ನಿಂತಿದ್ದ ಅವನ ಅಣ್ಣನ ಮಗ ಮಲ್ಲಿನಾಥ ಆ ಪ್ರಶ್ನೆಗಳನ್ನೂ ಕೇಳಿಸಿಕೊಂಡ, ಉತ್ತರ ಹೋಗದಿದ್ದುದನ್ನೂ ಗಮನಿಸಿದ. ಊರು ಮುಟ್ಟಿದ ಮೇಲೆ ಎಲ್ಲರೆದುರು ಹೇಳಿದ.

“ಕಾಕಾನ ಕೈ ಸಡಲ ಆಗ್ಯಾವ. ಇನ್ನ ಕೀಲಿ ನನ್ನ ಕಡೆ ಕೊಡ್ರಿ.”

“ಕೈ ಅಲ್ಲೋ, ಗಾಡಿ ಸಡಲ ಆಗೇತಿ,” ಎಂದ ಬೀರದೇವ.

“ಗಾಡಿಗಿ ಈ ವರ್ಷದಾಗ ಎರಡ ಸಲ ಮಿಸ್ತ್ರಿ ಕೈ ಹಚ್ಚ್ಯಾನ. ನಿಮಗ ಯಾರೂ ಹಚ್ಚಿಲ್ಲ.”

ಬೀರದೇವನ ಹೆಂಡತಿ ಸಾವಿತ್ರವ್ವ ಒಲೆಯ ಮುಂದಿನಿಂದಲೇ ತನ್ನ ಸಾಕ್ಷ್ಯ ನುಡಿದಳು. “ಲಗ್ನ ಆದಾಗಿಂದ ನೋಡಾಕತ್ತೀನಿ, ಬಲಕ್ಕ ಹೋಗ್ರಿ ಅಂದ್ರ ಎಡಕ್ಕ ಹೋಗ್ತಾರ. ಗಾಡಿ ಇವರನ್ನ ನೋಡೇ ಕಲತೈತಿ.”

ಮಾತು ಇಷ್ಟಕ್ಕೇ ನಿಂತಿದ್ದರೆ ಬೀರದೇವ ಅದನ್ನು ಬಸ್ಸಿನವನ ಪ್ರಶ್ನೆಗಳ ಜೊತೆಗೆ ಸೇರಿಸಿ ಮರೆಯುತ್ತಿದ್ದ. ಆದರೆ ದೀಪಾವಳಿ ಮುಗಿದಿತ್ತು. ಸಜ್ಜೆ ಕೊಯ್ದು ಹೊಲಗಳು ಬಯಲಾಗಿದ್ದವು. ಬರುವ ಸೋಮವಾರ ಹಟ್ಟಿ, ಅಂದರೆ ಕೂಡಿ ಕುರಿ ಮೇಯಿಸುವ ಮನೆಗಳ ಮಂದಿ ಮತ್ತು ಹಿಂಡು, ಪಡುವಣದ ಹೊಳೆಸಾಲಿಗೆ ಹೊರಡುವುದಿತ್ತು. ದೊಡ್ಡ ಕುರಿಗಳು ನಡೆದು ಹೋಗುತ್ತವೆ. ಎಳೆಯ ಮರಿ, ಪಾತ್ರೆ, ಹಾಸಿಗೆ ಗಾಡಿಯಲ್ಲಿ ಹೋಗುತ್ತವೆ. ಹಿಂದೆ ಈ ಹೊರೆಯನ್ನು ಕುದುರೆ ಹೊರುತ್ತಿತ್ತು. ಕುದುರೆಯ ಹಗ್ಗ ಹಿಡಿದವನು ಮುಂದೆ ಹೋಗಿ ಎಲ್ಲಿ ಹೊರೆ ಇಳಿಸುವನೋ ಅಂದಿನ ಬಿಡಾರ ಅಲ್ಲಿಯೇ. ಅದನ್ನು ಪ್ರಶ್ನಿಸುವ ರೂಢಿ ಇರಲಿಲ್ಲ; ಹಿಂದಿನಿಂದ ಬಂದವರು ದಣಿದಿರುತ್ತಿದ್ದರು. ಕುದುರೆ ಹೋಗಿ ಗಾಡಿ ಬಂದರೂ ರೂಢಿ ಉಳಿಯಿತು. ಹಗ್ಗದ ಜಾಗದಲ್ಲಿ ಕೀಲಿ ಬಂತು, ಅಷ್ಟೇ.

ಬೀರದೇವ ಪ್ರಾಯದಲ್ಲಿ ಹಗ್ಗ ಹಿಡಿದವನು, ಈಗ ಕೀಲಿ ಹಿಡಿದವನು. ಬೇರೆ ಯಾವ ಮಾತೂ ಅವನ ಪಾಲಿಗೆ ಬಂದಿರಲಿಲ್ಲ. ಕುರಿ ಮಾರುವ ಮಾತು ಅಣ್ಣ ಬಸಗೊಂಡನದು; ಮನೆಯ ಮಾತು ಸಾವಿತ್ರವ್ವನದು. ಬಿಡಾರ ಎಲ್ಲಿ ಎಂಬ ಒಂದು ಮಾತು ಅವನದು. ಕೀಲಿ ಹೋದರೆ ಅದೂ ಹೋಗುತ್ತಿತ್ತು. ಒಂದರಲ್ಲಿ ಒಂದು ಕಳೆದರೆ ಏನು ಉಳಿಯುತ್ತದೆಂಬುದು ಶಾಲೆಗೆ ಹೋಗದವನಿಗೂ ತಿಳಿಯುತ್ತದೆ.

ಹಟ್ಟಿಯ ಹಿರಿಯನಾದ ಬಸಗೊಂಡ ಇಬ್ಬರ ಮಾತನ್ನೂ ಕೇಳಿ, ಬಾಯೊಳಗಿನ ಎಲೆಯಡಿಕೆ ಮುಗಿಸಿ, ತೀರ್ಪು ಕೊಟ್ಟ. ಮಲ್ಲಿನಾಥ ಅವನ ಸ್ವಂತ ಮಗ. ಬೀರದೇವ ಅವನ ಒಡಹುಟ್ಟು. ಆದ್ದರಿಂದ ತೀರ್ಪಿನಲ್ಲಿ ಇಬ್ಬರ ಹೆಸರೂ ಸಮವಾಗಿ ಬಂದವು.

“ನಾಳಿಗಿ ಗಾಡಿ ಸಂಖಕ್ಕ ಒಯ್ರಿ. ಗಾಡಿ ಸಡಲ ಐತಿ ಅಂತ ಮಿಸ್ತ್ರಿ ತೋರಿಸಿಕೊಟ್ರ ಬಿಗಿ ಮಾಡಸ್ರಿ, ಬೀರ್ಯಾನೇ ಗಾಡಿ ಹೊಡೀಲಿ. ಗಾಡ್ಯಾಗ ಏನೂ ಇಲ್ಲ ಅಂದ್ರ ಕೈಯಾಗ ಐತಿ ಅಂದಂಗಾತು. ಕೀಲಿ ಮಲ್ಲ್ಯಾಗ.”

ಮತ್ತೆ ಸೇರಿಸಿದ: “ಮಿಸ್ತ್ರಿ ಒಂದ ಹೇಳಿದ್ರ ನೀವಿಬ್ರೂ ಬಂದ ಎರಡ ಹೇಳ್ತೀರಿ. ಸಾವಿತ್ರೀನೂ ಹೋಗಲಿ ಸಂಗಾಟ.”

ಸಾವಿತ್ರವ್ವ ಗಂಡನ ಪರವಾಗಿ ಸಾಕ್ಷಿ ಹೇಳಬಹುದೆಂಬ ಸಂಶಯ ಅಲ್ಲಿದ್ದ ಯಾರಿಗೂ ಬರಲಿಲ್ಲ.

ಮರುದಿನ ಬೆಳಿಗ್ಗೆ ಬೀರದೇವ ಸ್ಟಿಯರಿಂಗ್ ಹಿಡಿದ, ಸಾವಿತ್ರವ್ವ ಪಕ್ಕದಲ್ಲಿ ಕುಳಿತಳು, ಮಲ್ಲಿನಾಥ ಹಿಂದೆ ನಿಂತ. ಮಲ್ಲಿನಾಥನ ಹೆಂಡತಿ ರೂಪಾಲಿಗೆ ಸಂಖದ ತಹಸೀಲ ಕಚೇರಿಯಲ್ಲಿ ಕೆಲಸವಿತ್ತು; ಅವಳೂ ಹಿಂದೆ ಹತ್ತಿದಳು. ಸಂಖದವರೆಗೆ ಸರಾಸರಿ ಕೆಡಲಿಲ್ಲ.

ರಾಮಲಿಂಗ ಮಿಸ್ತ್ರಿಯ ಗ್ಯಾರೇಜು ರಸ್ತೆಯ ಬದಿಯ ಬೇವಿನ ಮರದ ಕೆಳಗೆ ಇತ್ತು. ಅವನಿಗೆ ತನ್ನ ಕಿವಿಯ ಮೇಲೆ ಬಲವಾದ ನಂಬಿಕೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಕಬ್ಬಿಣಕ್ಕೂ ಹಿಡಿಯನ್ನು ಕಿವಿಗೂ ಹಚ್ಚಿ ಅವನು ರೋಗ ಹೇಳುತ್ತಿದ್ದ. ಹತ್ತರಲ್ಲಿ ಒಂಬತ್ತು ಗಾಡಿಗಳ ರೋಗ ಹೇಳಿದಂತೆಯೇ ಇರುತ್ತಿತ್ತು. ಬೀರದೇವನದು ಹತ್ತನೆಯದು. ಈ ಗಾಡಿ ಮೊದಲ ಸಲ ಬಂದಾಗ ರಾಮಲಿಂಗ ಗಾಲಿಗಳನ್ನು ತಿರುಗಿಸುವ ರಾಡುಗಳ ಕೀಲುಗಳನ್ನು ಬದಲಿಸಿದ್ದ. ಎರಡನೆಯ ಸಲ ಸ್ಟಿಯರಿಂಗ್ ಬಾಕ್ಸಿನ ತಲೆಯ ಮೇಲಿನ ಸ್ಕ್ರೂವನ್ನು ಬಿಗಿ ಮಾಡಿದ್ದ. ಬಾಕ್ಸೆಂದರೆ ಸ್ಟಿಯರಿಂಗಿನ ಕಂಬ ಬಂದು ಸೇರುವ ಕಬ್ಬಿಣದ ಪೆಟ್ಟಿಗೆ. ಕೈಯ ತಿರುವನ್ನು ರಾಡಿಗೆ ದಾಟಿಸುವ ಹಲ್ಲುಗಳೆಲ್ಲ ಅದರ ಹೊಟ್ಟೆಯಲ್ಲಿರುತ್ತವೆ. ಸ್ಕ್ರೂ ಬಿಗಿ ಮಾಡಿದ್ದರಿಂದ ಸಡಿಲು ಹೋಗಲಿಲ್ಲ; ತಿರುವಿನಲ್ಲಿ ತಿರುಗಿದ ಸ್ಟಿಯರಿಂಗ್ ತಾನಾಗಿ ಮರಳುವುದು ಮಾತ್ರ ನಿಂತಿತು. ಬೀರದೇವ ಒಂದು ಬಾರೆಗಿಡದ ಒಳಹೊಕ್ಕು ಹೊರಬಂದ ಮೇಲೆ ಸ್ಕ್ರೂವನ್ನು ಮೊದಲಿನಂತೆ ಮಾಡಿಕೊಡಲಾಯಿತು.

“ಮತ್ತ ಬಂದ್ರೇನು ಮಾಮಾ? ಬರ್ರಿ, ಕುಂದ್ರಿ,” ಎಂದ ರಾಮಲಿಂಗ. ಅವನ ದನಿಯಲ್ಲಿ ಸಂತೋಷ ಇರಲಿಲ್ಲ.

“ಕುಂದ್ರಾಕ ಬಂದಿಲ್ಲ. ಸಡಲ ಎಲ್ಲೈತಿ ತೋರಸು. ಇವರಿಗೆ ಕಾಣಬೇಕು.”

ರಾಮಲಿಂಗ ಮುಂದಿನ ಗಾಲಿಗಳನ್ನು ಜಾಕಿನಿಂದ ಎತ್ತಿ ಹಿಡಿದು ಅಲುಗಿಸಿದ, ಅವು ಅಲುಗಲಿಲ್ಲ. ಜಾಕು ಇಳಿಸಿ, ಮಲ್ಲಿನಾಥನನ್ನು ಒಳಗೆ ಕೂರಿಸಿ ಸ್ಟಿಯರಿಂಗನ್ನು ಎಡಬಲ ಆಡಿಸಲು ಹೇಳಿದ. ತಾನು ಗಾಡಿಯ ಕೆಳಗೆ ಸರಿದು ಸ್ಕ್ರೂಡ್ರೈವರನ್ನು ಒಂದೊಂದು ಕೀಲಿನ ಮೇಲೂ ಇಟ್ಟು ಕಿವಿಗೊಟ್ಟ. ಬಹಳ ಹೊತ್ತು ಕೇಳಿದ. ಆಮೇಲೆ ಹೊರಗೆ ಬಂದು, ಕಿವಿಯನ್ನು ಕಿರುಬೆರಳಿನಿಂದ ಒರೆಸಿಕೊಂಡು, ಮತ್ತೊಮ್ಮೆ ಕೆಳಗೆ ಹೋಗಿ ಕೇಳಿದ.

“ಏನ ಅಂತೈತಿ?” ಎಂದಳು ಸಾವಿತ್ರವ್ವ.

“ಏನೂ ಅನವಲ್ತ್ರಿ ಅಕ್ಕಾರ. ಸಡಲ ಇದ್ದ ಕಬ್ಬಣ ಬಡಕೋತೈತಿ. ಇದು ತುಟಿ ಪಿಟಕ್ಕ ಅನವಲ್ದು. ಸದ್ದ ಇಲ್ಲದ ಸಡಲ ನಾ ಇನ್ನೂ ಕಂಡಿಲ್ಲ.”

“ಅಂದ್ರ ಗಾಡ್ಯಾಗ ಏನೂ ಇಲ್ಲ?” ಮಲ್ಲಿನಾಥ ಕಿಟಕಿಯಿಂದ ಕೇಳಿದ.

“ನನ್ನ ಕಿವಿ ಪ್ರಕಾರ ಇಲ್ಲ.”

ಕೀಲಿ ಹೇಗೂ ಸ್ಟಿಯರಿಂಗಿನ ಬುಡದಲ್ಲಿಯೇ ಇತ್ತು. ಮಲ್ಲಿನಾಥ ಅದನ್ನು ತೆಗೆದು ತನ್ನ ಅಂಗಿಯ ಜೇಬಿಗೆ ಹಾಕಿಕೊಂಡ. ಬೀರದೇವ ಆ ಜೇಬನ್ನು ನೋಡಿದ. ಅಲ್ಲಿ ಈ ವರ್ಷದ ಎಲ್ಲ ಬಿಡಾರಗಳೂ ಇದ್ದವು.

“ಮಿಸ್ತ್ರಿ,” ಎಂದ ಬೀರದೇವ, “ಕುಂಟ ಕುರಿ ಒದರತೈತೇನು?”

“ನನಗೇನ ಗೊತ್ತ್ರಿ, ನಾ ಕುರಿ ರಿಪೇರಿ ಮಾಡಾಂವಲ್ಲ.”

“ಒದರೂದಿಲ್ಲ. ಹೊಟ್ಟಿ ಹಸದ್ರ ಒದರತೈತಿ, ಮರಿ ಕಾಣದಿದ್ರ ಒದರತೈತಿ. ಕಾಲ ನೊಂದ್ರ ಸುಮ್ಮ ಕುಂಟತೈತಿ. ಅದಕ್ಕ ಕಿವಿ ಕೊಟ್ಟ ಕುಂತ್ರ ಆಗೂದಿಲ್ಲ, ಕೈ ಹಾಕಬೇಕು. ಸರೀ ಆಕಡೆ.”

ಅವನು ತಲೆಯ ಪಟಗ ತೆಗೆದು ಸಾವಿತ್ರವ್ವನ ಕೈಗೆ ಕೊಟ್ಟು ಗಾಡಿಯ ಕೆಳಗೆ ಮಲಗಿ ಸರಿದ. “ಮಲ್ಲ್ಯಾ, ಆಡಸು. ಜೋರ ಬ್ಯಾಡ, ಸಣ್ಣಂಗ.” ಆ ಗಾಡಿಯ ಸ್ಟಿಯರಿಂಗ್ ಕೀಲಿ ಇಲ್ಲದೆಯೂ ಆಡುತ್ತಿತ್ತು.

ಕುಂಟುವ ಕುರಿಯನ್ನು ನೋಡುವವರು ಗೊರಸಿನಿಂದ ಹಿಡಿದು ಮೇಲಕ್ಕೆ ಹೋಗುತ್ತಾರೆ. ಒಂದೊಂದು ಗೆಣ್ಣನ್ನೂ ಅಂಗೈಯಲ್ಲಿ ಮುಚ್ಚಿ ಕಾಲನ್ನು ಆಡಿಸುತ್ತಾರೆ; ಗೆಣ್ಣಿನ ಮೇಲಿನ ಎಲುಬು ಕೆಳಗಿನ ಎಲುಬು ಒಟ್ಟಿಗೆ ಹೊರಟರೆ ಅದು ಸರಿ, ಒಂದು ಮೊದಲು ಹೊರಟು ಇನ್ನೊಂದು ತಡೆದು ಹೊರಟರೆ ನೋವು ಅಲ್ಲಿ. ಬೀರದೇವ ಗಾಲಿಯಿಂದ ಆರಂಭಿಸಿದ. ಗಾಲಿಯ ಹಿಂದಿನ ಕೀಲನ್ನು ಮುಚ್ಚಿ ಹಿಡಿದ. ಎರಡು ಬದಿಯೂ ಒಟ್ಟಿಗೆ ಹೊರಟವು. ರಾಡಿನ ತುದಿಗೆ ಬಂದ, ಒಟ್ಟಿಗೆ. ಆಚೆಯ ತುದಿ, ಒಟ್ಟಿಗೆ. ಅಡ್ಡರಾಡಿನಿಂದ ಉದ್ದರಾಡಿಗೆ, ಉದ್ದರಾಡಿನಿಂದ ಬಾಕ್ಸಿನ ಕೆಳಗೆ ಜೋತ ತೋಳಿಗೆ ಬಂದ. ಎಲ್ಲವೂ ಒಂದರ ಹಿಂದೊಂದು ಹೊರಡದೆ ಒಟ್ಟಿಗೇ ಹೊರಡುತ್ತಿದ್ದವು. ರಾಮಲಿಂಗ ಬದಲಿಸಿದ ಭಾಗಗಳಲ್ಲಿ ದೋಷವಿರಲಿಲ್ಲ. ಇನ್ನು ಉಳಿದದ್ದು ಬಾಕ್ಸು ಒಂದೇ. ಅದು ಗೆಣ್ಣಲ್ಲ, ಸೊಂಟದ ಎಲುಬಿನಂತೆ ಚಾಸಿಗೆ, ಅಂದರೆ ಗಾಡಿಯ ಬೆನ್ನಿನ ಕಬ್ಬಿಣಕ್ಕೆ, ಬೋಲ್ಟುಗಳಿಂದ ಬಿಗಿದು ಕೂರಿಸಿದ್ದು. ಅದು ಅಲುಗಬೇಕಾದ ಕಾರಣವೇ ಇಲ್ಲವೆಂದು, ಅಲುಗುತ್ತದೆಯೇ ಎಂದು ಈವರೆಗೆ ಯಾರೂ ಕೈ ಇಟ್ಟು ನೋಡಿರಲಿಲ್ಲ. ಬೀರದೇವ ಅರ್ಧ ಅಂಗೈಯನ್ನು ಬಾಕ್ಸಿನ ಮೇಲೆ, ಅರ್ಧವನ್ನು ಚಾಸಿಯ ಮೇಲೆ ಇಟ್ಟ.

ಬಾಕ್ಸು ಅಲುಗಿತು.

ಸ್ಟಿಯರಿಂಗ್ ಬಲಕ್ಕೆ ಹೊರಟರೆ ಮೊದಲು ಇಡೀ ಬಾಕ್ಸು ತೂಗುತ್ತಿತ್ತು. ತೂಗಿ ಮುಗಿದ ಮೇಲೆ ತೋಳಿಗೆ ಸುದ್ದಿ ಹೋಗುತ್ತಿತ್ತು. ಎಡಕ್ಕೂ ಹಾಗೆಯೇ. ಕಳೆದುಹೋಗುತ್ತಿದ್ದ ಅರ್ಧ ಗೇಣು ಇಲ್ಲಿತ್ತು. ಗಾಡಿ ಸಡಿಲ, ಕೈಯಲ್ಲ. ಕೂಗಿ ಹೇಳಬೇಕೆಂದು ಬೀರದೇವ ಬಾಯಿ ತೆರೆದ. ಅಷ್ಟರಲ್ಲಿ ಅವನ ಬೆರಳು ಬಾಕ್ಸಿಗೂ ಚಾಸಿಗೂ ನಡುವಿನ ಸಂದಿಗೆ ಹೋಯಿತು. ಅಲ್ಲಿ ಕಬ್ಬಿಣಕ್ಕೆ ಕಬ್ಬಿಣ ತಾಗಿರಲಿಲ್ಲ. ನಡುವೆ ಮೆತ್ತನೆಯದೇನೋ ಇತ್ತು. ಎಣ್ಣೆ ಕುಡಿದು ಹೊಲಸಾಗಿತ್ತು, ಆದರೆ ಹುಟ್ಟಿದಂದಿನಿಂದ ಅದರ ಮೇಲೆ ಮಲಗಿದವನ ಬೆರಳಿಗೆ ಗುರುತು ತಪ್ಪುವಂತಿರಲಿಲ್ಲ. ಅದು ಕಂಬಳಿ.

ಬೀರದೇವ ತೆರೆದ ಬಾಯಿಯನ್ನು ಮುಚ್ಚಿದ.

ಅವನಿಗೆ ನೆನಪಾಯಿತು. ಹಿಂದೊಂದು ವರ್ಷ ಹೊಳೆಸಾಲಿನ ಕಬ್ಬಿನ ಹಾದಿಯಲ್ಲಿ ಗಾಡಿಯ ಕೆಳಗಿನಿಂದ ಕಟ್ ಕಟ್ ಎಂದು ಸದ್ದು ಬರುತ್ತಿತ್ತು. ಮರಿಗಳು ಬೆದರಿ ಒಂದರ ಮೇಲೊಂದು ಬೀಳುತ್ತಿದ್ದವು. ಅವನು ಗಾಡಿ ನಿಲ್ಲಿಸಿ, ಸದ್ದಿನ ಜಾಗ ಹುಡುಕಿ, ಬಾಕ್ಸಿನ ಮೇಲಿನ ಬೋಲ್ಟುಗಳನ್ನು ಬಿಚ್ಚಿ, ತನ್ನ ಹಳೆಯ ಕಂಬಳಿಯ ಒಂದು ಪಟ್ಟಿಯನ್ನು ಮಡಿಸಿ ನಡುವೆ ಇಟ್ಟು ಮತ್ತೆ ಬಿಗಿದಿದ್ದ. ಇದು ಅವನ ಹೊಸ ಯೋಚನೆಯಾಗಿರಲಿಲ್ಲ. ಬಡಿದುಕೊಳ್ಳುವ ಬಾಗಿಲಿಗೆ, ಅಲುಗುವ ಕನ್ನಡಿಗೆ, ಕುದುರೆಯ ಜೀನಿಗೆ, ಗುದ್ದಲಿಯ ಕಾವಿಗೆ, ಎಲ್ಲದರ ಸಂದಿಗೂ ಹಟ್ಟಿಯವರು ಕಂಬಳಿಯನ್ನೇ ಇಡುತ್ತಿದ್ದರು. ಸದ್ದು ನಿಂತಿತು, ಮರಿಗಳು ಮಲಗಿದವು. ಸಡಿಲಿನಿಂದ ಸದ್ದು ಹುಟ್ಟುತ್ತದೆ. ಸದ್ದು ಹೋದರೆ ಸಡಿಲೂ ಹೋಯಿತು ಎಂದು ಅವನು ಲೆಕ್ಕ ಹಾಕಿದ್ದ. ಲೆಕ್ಕವನ್ನು ಹಿಂದಿನಿಂದ ಮಾಡಬಾರದೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಉಣ್ಣೆ ಬೋಲ್ಟಿನ ಬಿಗಿತವನ್ನು ತಾಳುವುದಿಲ್ಲ. ದಿನದಿನಕ್ಕೆ ಅಮುಕಿಕೊಂಡು ತೆಳ್ಳಗಾಗುತ್ತದೆ, ಬೋಲ್ಟು ಅಷ್ಟಷ್ಟೇ ಸಡಿಲವಾಗುತ್ತದೆ. ಉಳಿದ ಸದ್ದನ್ನೂ ಅದೇ ತಿನ್ನುತ್ತದೆ.

ಈಗ ಅವನ ಮುಂದೆ ಎರಡು ದಾರಿಗಳಿದ್ದವು. ಹೇಳಿದರೆ ಕೈಗೆ ಮೆತ್ತಿದ ಕಳಂಕ ಹೋಗಿ ತಲೆಗೆ ಮೆತ್ತಿಕೊಳ್ಳುತ್ತಿತ್ತು. ಹೇಳದಿದ್ದರೆ ಕೀಲಿ ಮಲ್ಲಿನಾಥನ ಜೇಬಿನಲ್ಲಿಯೇ ಉಳಿಯುತ್ತಿತ್ತು. ಗಾಡಿ ಹೊಡೆಯಲು ಕೈ ಬೇಕು, ತಲೆಯ ಮಾತನ್ನು ಅಣ್ಣ ತೀರ್ಪಿನಲ್ಲಿ ಎತ್ತಿಲ್ಲ ಎಂದು ಯೋಚಿಸಿ ಬೀರದೇವ ಕೂಗಿದ.

“ಮಿಸ್ತ್ರಿ, ಇಲ್ಲಿ ಬಾ. ಬಾಕ್ಸ್ ಹಿಡಿ. ಸಡಲ ಇಲ್ಲೈತಿ.”

ರಾಮಲಿಂಗ ಹಿಡಿದು ನೋಡಿದ. ಪಾನಾ, ಅಂದರೆ ಬೋಲ್ಟು ತಿರುಗಿಸುವ ಸ್ಪ್ಯಾನರ್, ತಂದು ಮೇಲಿನ ಬೋಲ್ಟುಗಳಿಗೆ ಹಾಕಿದ. ಅವು ಬೆರಳಿನಲ್ಲಿಯೇ ತಿರುಗುವಷ್ಟಾಗಿದ್ದವು. ಇಕ್ಕಳದಿಂದ ಸಂದಿಯೊಳಗಿನದನ್ನು ಎಳೆದ. ಕರಿಯ ಪಟ್ಟಿಯೊಂದು ಬಿಸಿಲಿಗೆ ಬಂತು.

“ಇದ್ಯಾವ ಕಂಪನಿ ಪಾರ್ಟ್ರಿ ಮಾಮಾ?”

“ನಂದ,” ಎಂದ ಬೀರದೇವ.

ಸಾವಿತ್ರವ್ವ ಅದನ್ನು ಇಸಿದುಕೊಂಡು ಅಂಚನ್ನು ಉಗುರಿನಿಂದ ಕೆರೆದು ನೋಡಿದಳು. “ನನ್ನ ಕಂಬಳಿ! ಅಂಚ ಎಲ್ಲಿ ಹೋತು ಎಲ್ಲಿ ಹೋತು ಅಂತ ನಾ ಹಟ್ಟಿ ತುಂಬ ಹುಡಿಕೀನಿ. ನಾಯಿ ಒಯ್ದಿರಬೇಕು ಅಂದಿದ್ರಿ.”

“ಒಯ್ದಿರಬೇಕು ಅಂದಿದ್ದೆ. ಒಯ್ದೈತಿ ಅಂದಿದ್ದಿಲ್ಲ.”

ಮಲ್ಲಿನಾಥ ಗಾಡಿಯಿಂದ ಇಳಿದು ಬಂದಿದ್ದ. ಅವನ ದನಿಗೆ ಬಲ ಬಂತು. “ನೋಡ್ರಿ, ನೋಡ್ರಿ! ಸ್ಟೇರಿಂಗಿಗಿ ಯಾರರೆ ಕಂಬಳಿ ಹಾಕ್ತಾರೇನು? ಇದೇನ ಹಾಸಗಿ ಮಾಡಿದ್ರೇನ ಕಾಕಾ? ಸಣ್ಣ ಹುಡುಗರಿಗೂ ತಿಳೀತೈತಿ, ಕಬ್ಬಣಕ್ಕ ಕಬ್ಬಣ ಕುಂದ್ರಬೇಕು. ನಾಕ ಮಂದಿ ಜೀವದ ಮ್ಯಾಲ...”

“ತಡೀರಿ,” ಎಂದ ರಾಮಲಿಂಗ. ಅವನು ಆಗ ಕೆಳಗಿನ ಬೋಲ್ಟುಗಳನ್ನು ಬಿಚ್ಚಿದ್ದ. “ಇಲ್ಲಿ ಇನ್ನೊಂದ ಐತಿ.”

ಎರಡನೆಯ ಪಟ್ಟಿಯೂ ಕಂಬಳಿಯೇ. ಆದರೆ ಎಣ್ಣೆಯ ಕೆಳಗಿನಿಂದ ಅದರಲ್ಲಿ ಬಿಳಿಯ ಗೆರೆಯೊಂದು ಇಣುಕುತ್ತಿತ್ತು. ಬೀರದೇವ ಅದನ್ನು ಕಣ್ಣಿಟ್ಟು ನೋಡಿದ. ಅವನ ಕಂಬಳಿಗೆ ಬಿಳಿಯ ಗೆರೆ ಇರಲಿಲ್ಲ. ಅವನು ಕೆಳಗಿನ ಬೋಲ್ಟುಗಳನ್ನು ಎಂದೂ ಮುಟ್ಟಿರಲಿಲ್ಲ. ಇದನ್ನು ಯಾರಿಗೆ ಹೇಳಬೇಕೆಂದು ಸುತ್ತ ನೋಡಿದಾಗ ಮಲ್ಲಿನಾಥ ಬೇವಿನ ಮರದ ತುದಿಯನ್ನು ಗಮನವಿಟ್ಟು ನೋಡುತ್ತಿದ್ದ.

ರೂಪಾಲಿ ಅದೇ ಹೊತ್ತಿಗೆ ಕಚೇರಿಯಿಂದ ಬಂದಿದ್ದಳು. ರಾಮಲಿಂಗನ ಕೈಯಲ್ಲಿದ್ದುದನ್ನು ದೂರದಿಂದಲೇ ಗುರುತಿಸಿದಳು.

“ಅದು ಲಗ್ನದಾಗ ನಮ್ಮವ್ವ ಹಾಕಿದ ಕಂಬಳಿ. ಅದರ ಮೂಲಿ ಇಲಿ ಕಡದಾವು ಅಂದಿದ್ರಿ.”

“ಸದ್ದ ಬರ್ತಿತ್ತು,” ಎಂದ ಮಲ್ಲಿನಾಥ. “ಹ್ವಾದ ವರ್ಷ, ಮಿರಜದ ಆಕಡೆ. ಕಾಕಾಗ ಹೇಳಿದ್ರ ಬೈತಾರ ಅಂತ...”

“ಇಲಿ ಪಾನಾನೂ ಹಿಡೀತಾವೇನ ಹಂಗಾರ?” ಎಂದಳು ಸಾವಿತ್ರವ್ವ.

ರಾಮಲಿಂಗ ಎರಡು ಪಟ್ಟಿಗಳನ್ನೂ ಗಾಡಿಯ ಬಾನೆಟ್ಟಿನ ಮೇಲೆ ಒಂದರ ಪಕ್ಕ ಒಂದು ಇಟ್ಟ. “ನನ್ನ ಕಿವೀದು ಏನೂ ತಪ್ಪಿಲ್ಲ,” ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಕೆಲಸಕ್ಕೆ ತೊಡಗಿದ. ಬಾಕ್ಸನ್ನು ಇಳಿಸಿ ಡೀಸೆಲ್ಲಿನಲ್ಲಿ ತೊಳೆದ. ಚಾಸಿಯ ಮೇಲಿನ ಎಣ್ಣೆ, ಧೂಳು, ಉಣ್ಣೆಯ ನಾರುಗಳನ್ನು ಕಬ್ಬಿಣ ಹೊಳೆಯುವವರೆಗೆ ಕೆರೆದ. ಚಾಸಿಯಲ್ಲಿ ಬಿರುಕೇನಾದರೂ ಬಿಟ್ಟಿದೆಯೋ ಎಂದು ಬೆಳಕು ಹಾಕಿ ನೋಡಿದ, ಬಿಟ್ಟಿರಲಿಲ್ಲ. ಹಳೆಯ ಬೋಲ್ಟುಗಳು ತೂಗಿ ತೂಗಿ ಸವೆದಿದ್ದವು; ಅವನ್ನು ಎಸೆದು, ತೂತಿಗೆ ಬಿಗಿಯಾಗಿ ಕೂರುವ ಹೊಸ ಬೋಲ್ಟುಗಳನ್ನು ಆರಿಸಿ, ಕಬ್ಬಿಣಕ್ಕೆ ಕಬ್ಬಿಣ ಕೂರಿಸಿ ಬಿಗಿದ. ಒಂದನ್ನೇ ಪೂರ್ತಿ ಬಿಗಿಯಲಿಲ್ಲ. ಎದುರುಬದುರಾದವುಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಬಂದು ಕೊನೆಗೆ ಉದ್ದನೆಯ ಪಾನಾಕ್ಕೆ ಮೈಭಾರ ಹಾಕಿದ. ಆಮೇಲೆ ಬೀರದೇವನನ್ನು ಕರೆದು ಅಂಗೈ ಇಡಲು ಹೇಳಿದ. ಬಾಕ್ಸು ಅಲುಗಲಿಲ್ಲ. ಸ್ಟಿಯರಿಂಗನ್ನು ಹೆಬ್ಬೆರಳಗಲ ತಿರುಗಿಸಿದರೆ ಗಾಲಿ ತಿರುಗುತ್ತಿತ್ತು.

“ಸಡಲ ಗಾಡ್ಯಾಗ ಇತ್ತು,” ಎಂದ ಬೀರದೇವ. “ಮಿಸ್ತ್ರಿ ತೋರಿಸ್ಯಾನ. ಯಾರ ಮಾಡಿದ್ರು ಅಂತ ಅಣ್ಣ ಕೇಳಿಲ್ಲ.” ಅವನು ಮಲ್ಲಿನಾಥನ ಮುಂದೆ ಕೈ ಚಾಚಿದ. ಮಲ್ಲಿನಾಥ ಜೇಬಿನಿಂದ ಕೀಲಿ ತೆಗೆದುಕೊಟ್ಟ. ತೀರ್ಪಿನ ಪ್ರಕಾರ ಅದು ಸರಿಯಾಗಿಯೇ ಇತ್ತು.

“ಮದಲ ಹೊಡದ ತೋರಸ್ರಿ,” ಎಂದಳು ಸಾವಿತ್ರವ್ವ. “ನಾ ನೋಡಿದ್ದ ಹೇಳಾಕ ಬಂದೀನಿ, ಕೇಳಿದ್ದ ಹೇಳಾಕಲ್ಲ.”

ರಾಮಲಿಂಗನೂ ಪರೀಕ್ಷೆಗೆಂದು ಒಳಗೆ ಕುಳಿತ. ಮಲ್ಲಿನಾಥ ಮತ್ತು ರೂಪಾಲಿ ಹಿಂದೆ ಹತ್ತಿದರು. ಬೀರದೇವ ಗಾಡಿಯನ್ನು ದರಿಬಡಚಿಯ ರಸ್ತೆಗೆ ತಂದು ವೇಗ ಕೊಟ್ಟ. ಊರು ದಾಟಿದ ಮೇಲೆ ಗಾಡಿ ಕೂದಲೆಳೆಯಷ್ಟು ಎಡಕ್ಕೆ ಸರಿಯಿತು. ಬೀರದೇವ ಎಂದಿನಂತೆ ಬಲಕ್ಕೆ ಎಳೆದ. ಎಂದಿನಂತೆ ಅರ್ಧ ಗೇಣನ್ನು ಲೆಕ್ಕಕ್ಕೆ ಹಿಡಿಯದೆ ಅದರ ಮೇಲಿಷ್ಟು ಎಳೆದ. ಗಾಡಿ ಈಗ ಎಲ್ಲವನ್ನೂ ಲೆಕ್ಕಕ್ಕೆ ಹಿಡಿಯಿತು. ಬಲಬದಿಯ ತೊಗರಿಯ ಹೊಲ ಒಮ್ಮೆಲೇ ಗಾಜಿನ ತುಂಬ ಬಂತು. ಬೀರದೇವ ಎಡಕ್ಕೆ ಎಳೆದ. ಎಡಬದಿಯ ಜಾಲಿ ಬಂತು. ಮತ್ತೆ ತೊಗರಿ. ಹಿಂದಿನಿಂದ ಮಲ್ಲಿನಾಥ ದೇವರನ್ನು ಕರೆಯುವುದು ಕೇಳಿಸಿತು. ರಾಮಲಿಂಗ ಎರಡೂ ಕಾಲುಗಳನ್ನು ಇಲ್ಲದ ಬ್ರೇಕಿನ ಮೇಲೆ ಒತ್ತಿ ಹಿಡಿದಿದ್ದ.

“ಮಾಮಾ, ನಿಲ್ಲಸ್ರಿ! ಗಾಡಿ ನೆಟ್ಟಗ ಆಗೇತಿ. ನೀವು ಇನ್ನೂ ಹಳೀ ಗಾಡೀನ ಹೊಡ್ಯಾಕತ್ತೀರಿ!”

ಬೀರದೇವ ಗಾಡಿ ನಿಲ್ಲಿಸಿ ತನ್ನ ಅಂಗೈಗಳನ್ನು ನೋಡಿದ. ಕಲಿತದ್ದನ್ನು ಅವು ಸರಿಯಾಗಿಯೇ ಮಾಡಿದ್ದವು. ಗಾಡಿಯ ಸಡಿಲನ್ನು ದಿನದಿನಕ್ಕೆ ಕಲಿತು ಒಳಗೆ ಇಟ್ಟುಕೊಂಡಿದ್ದವು. ಗಾಡಿಯ ಸಡಿಲನ್ನು ಬೋಲ್ಟು ಬಿಗಿದು ತೆಗೆದಂತೆ ಕೈಯೊಳಗಿನ ಸಡಿಲನ್ನು ತೆಗೆಯುವ ಪಾನಾ ರಾಮಲಿಂಗನ ಹತ್ತಿರ ಇರಲಿಲ್ಲ.

ಮಲ್ಲಿನಾಥ ಹಿಂದಿನಿಂದ ಇಳಿದು ಬಂದು, ತೀರ್ಪು ತನ್ನ ಕಡೆಗಾದವನ ಮುಖ ಹೊತ್ತು ಬಾಗಿಲು ತೆರೆದ. ಬೀರದೇವ ಹಿಂದಕ್ಕೆ ಹೋಗಿ ಹತ್ತಿದ. ಆದರೆ ಮಲ್ಲಿನಾಥನೂ ಗಾಡಿ ಹೊಡೆಯಲು ಕಲಿತದ್ದು ಇದೇ ಗಾಡಿಯ ಮೇಲೆ, ಅದೂ ಬೀರದೇವನ ಕಂಬಳಿ ಒಳಗೆ ಹೋದ ಮೇಲೆ. ಬೀರದೇವನ ಕೈ ಒಂದು ಕಾಲದಲ್ಲಿಯಾದರೂ ಬಿಗಿಯಾದ ಸ್ಟಿಯರಿಂಗನ್ನು ಕಂಡಿತ್ತು. ಮಲ್ಲಿನಾಥನ ಕೈ ಕಂಡೇ ಇರಲಿಲ್ಲ. ಅವನು ತೊಗರಿಯವರೆಗೆ ಹೋಗಲಿಲ್ಲ. ಮೊದಲ ಎಳೆತಕ್ಕೇ ಜಾಲಿಯ ಒಳಗೆ ಹೋಗಿ ನಿಂತ.

ಗಾಡಿಯನ್ನು ಹಿಂದಕ್ಕೆ ನೂಕಿ, ಜಾಲಿಮುಳ್ಳು ಬಿಡಿಸಿಕೊಂಡು ಎಲ್ಲರೂ ರಸ್ತೆಗೆ ಬಂದರು.

“ಕೈ ಹೊಂದಾಕ ಎಂಟ ದಿನರೆ ಬೇಕು. ನಾ ಅಂತೂ ನಿಮ್ಮ ಸಂಗಾಟ ಹೊಳಿಗಿ ಬರಾಂವಲ್ಲ,” ಎಂದ ರಾಮಲಿಂಗ, ಯಾರೂ ಕೇಳದಿದ್ದರೂ.

ರೂಪಾಲಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ಕೀಲಿಗೆ ಕೈ ಚಾಚಿದಳು. ಅವಳು ಬೇಸಿಗೆಯಲ್ಲಿ ತವರಿಗೆ ಹೋದಾಗ ಜತ್ತದಲ್ಲಿ ತಮ್ಮನ ಜೊತೆ ಹೋಗಿ ಗಾಡಿ ಹೊಡೆಯುವುದನ್ನು ಕಲಿತು ಲೈಸೆನ್ಸು ತೆಗೆಸಿಕೊಂಡು ಬಂದಿದ್ದಳು. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಗಾಡಿ ಹೊಡೆಯಬೇಡವೆಂದು ಅವಳಿಗೆ ಯಾರೂ ಹೇಳಿರಲಿಲ್ಲ; ಹೊಡೆ ಎಂದೂ ಹೇಳಿರಲಿಲ್ಲ. ಹಾಗಾಗಿ ಈ ಸ್ಟಿಯರಿಂಗನ್ನು ಅವಳು ಎಂದೂ ಮುಟ್ಟಿರಲಿಲ್ಲ, ಅದರಿಂದ ಏನನ್ನೂ ಕಲಿತಿರಲಿಲ್ಲ.

“ನಿನಗ ಬರತೈತೇನ?” ಎಂದ ಮಲ್ಲಿನಾಥ.

“ಜಾಲ್ಯಾಗ ಹೋಗಾಕ ಬರೂದಿಲ್ಲ. ರಸ್ತೇದಾಗ ಬರತೈತಿ.”

ಅವಳು ನಿಧಾನವಾಗಿ ಹೊರಟಳು. ಗಾಡಿ ರಸ್ತೆಯ ಎಡಬದಿ ಹಿಡಿದು ನೆಟ್ಟಗೆ ಹೋಯಿತು. ಅದರ ಬಗ್ಗೆ ಹೇಳುವುದಕ್ಕೆ ಇನ್ನೇನೂ ಇಲ್ಲ. ರಾಮಲಿಂಗನನ್ನು ಗ್ಯಾರೇಜಿಗೆ ಬಿಟ್ಟು, ತಿರುಗಿಸಿಕೊಂಡು, ಅವರು ದರಿಬಡಚಿಗೆ ಬಂದರು. ಹಾದಿಯಲ್ಲಿ ಸಾವಿತ್ರವ್ವ ನಿದ್ದೆ ಮಾಡಿದಳು. ಈ ಗಾಡಿಯಲ್ಲಿ ಅವಳು ನಿದ್ದೆ ಮಾಡಿದ್ದು ಅದೇ ಮೊದಲು.

ಬಸಗೊಂಡನ ಮುಂದೆ ಸಾವಿತ್ರವ್ವ ತಾನು ನೋಡಿದ್ದನ್ನು ಹೇಳಿದಳು. “ಗಾಡೀನೂ ಸಡಲ ಇತ್ತು. ಕೈನೂ ಸಡಲ ಅದಾವ. ಇವರ ಎರಡು, ಅವನ ಎರಡು. ಗಾಡಿ ಬಿಗಿ ಆಗೇತಿ. ಕೈ ಆಗಿಲ್ಲ.”

ಬಸಗೊಂಡ ತನ್ನ ತೀರ್ಪನ್ನು ಮನಸ್ಸಿನಲ್ಲಿ ತಿರುವಿ ನೋಡಿದ. ಗಾಡಿ ಸಡಿಲವಾದರೆ ಬೀರದೇವ, ಕೈ ಸಡಿಲವಾದರೆ ಮಲ್ಲಿನಾಥ ಎಂದು ಅವನು ಹೇಳಿದ್ದ. ಎರಡೂ ನಿಜವಾದರೆ ಏನೆಂದು ಹೇಳಿರಲಿಲ್ಲ.

“ಗಾಡಿ ಇಲ್ಲೀತನ ಯಾರ ತಂದ್ರು?”

“ರೂಪಾಲಿ.”

“ನೆಟ್ಟಗ ತಂದ್ಳು?”

“ನಿದ್ದಿ ಹತ್ತಿತ್ತು.”

“ಹಂಗಾರ ಆಕೀನೇ ಗಾಡಿ ಒಯ್ಯಲಿ,” ಎಂದ ಬಸಗೊಂಡ.

ಬೀರದೇವ ಒಂದು ಹೆಜ್ಜೆ ಮುಂದೆ ಬಂದ. “ಅಣ್ಣಾ, ಎಂಟ ದಿನ ಹೊಡದ್ರ ಕೈ ಹೊಸಾ ಗಾಡಿಗಿ ಹೊಂದತಾವು. ಮಿಸ್ತ್ರೀನ ಅಂದಾನ.”

“ಹೊಂದಸು. ಬ್ಯಾಡ ಅಂದೋರು ಯಾರು? ಗಾಡ್ಯಾಗ ಮರಿ ಇಲ್ಲದಾಗ ಹೊಂದಸು.”

“ಮತ್ತ ಬಿಡಾರ?”

ಬಸಗೊಂಡ ಹೊಸ ಎಲೆಗೆ ಸುಣ್ಣ ಹಚ್ಚುತ್ತ ಹೇಳಿದ: “ಅದಕ್ಕ ಬ್ಯಾರೆ ತೀರ್ಪ ಯಾಕ ಬೇಕ? ಹೊರಿ ಇಳಿಸಿದಲ್ಲಿ ಬಿಡಾರ.”

ಸೋಮವಾರ ಹಟ್ಟಿ ಹೊರಟಿತು. ಕುರಿಗಳೂ ಗಂಡಸರೂ ನಸುಕಿನಲ್ಲಿಯೇ ಹೊಲಗಳ ಮೇಲೆ ನಡೆದುಹೋದರು. ಬಿಸಿಲೇರಿದ ಮೇಲೆ ಗಾಡಿ ರಸ್ತೆ ಹಿಡಿಯಿತು. ಬೀರದೇವ ಎಡಗಡೆಯ ಆಸನದಲ್ಲಿ ಎರಡು ಮರಿಗಳನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ. ಮುಚ್ಚಂಡಿ ದಾಟಿದ ಮೇಲೆ ಬಲಕ್ಕೆ ಹಳೆಯ ಆಲದ ಮರವೊಂದು ಕಂಡಿತು. ಕುದುರೆಯ ಕಾಲದಿಂದ ಮೊದಲ ದಿನದ ಬಿಡಾರ ಅದರ ಕೆಳಗೆ. ಹೇಳಬಾರದೆಂದು ಅವನು ತುಟಿ ಬಿಗಿಹಿಡಿದಿದ್ದ. ರೂಪಾಲಿ ತಾನಾಗಿಯೇ ಗಾಡಿ ನಿಲ್ಲಿಸಿದಳು.

“ಮಾವಾರ, ಪ್ರತಿ ವರ್ಷ ಇಲ್ಲೇ ಅಲ್ಲೇನ್ರಿ ಇಳಸತಿದ್ದದ್ದು?”

“ಹೂಂ,” ಎಂದ ಬೀರದೇವ. ಮರಿಗಳನ್ನು ತೊಡೆಯಿಂದ ಇಳಿಸಿ ಬಾಗಿಲಿನ ಹಿಡಿಗೆ ಕೈ ಹಾಕಿದ. “ನೆರಳ ಭಾಳ ಚಲೋ. ಗಾಳಿ ಬೀಸತೈತಿ. ಮಲಕೊಂಡ್ರ ರಸ್ತೆ ಕಾಣತೈತಿ.”

“ನೀರ ಎಲ್ಲೈತ್ರಿ?”

ಬೀರದೇವ ಗುಡ್ಡದ ಕಡೆಗೆ ಗದ್ದ ತೋರಿದ. “ಅದರ ಆಚಿ ಬಾವಿ ಐತಿ.”

“ಯಾರ ತರತಿದ್ರು?”

ಬೀರದೇವ ಯೋಚಿಸಿದ. ಬಿಡಾರದಲ್ಲಿ ನೀರು ಯಾವಾಗಲೂ ಇರುತ್ತಿತ್ತು. ಹಗ್ಗ ಹಿಡಿದ ದಿನದಿಂದ ಇಂದಿನವರೆಗೆ ಅದು ಅಲ್ಲಿಗೆ ಹೇಗೆ ಬಂತೆಂದು ಅವನು ಕೇಳಿಕೊಂಡಿರಲಿಲ್ಲ. ಹಿಂದೆ ಹಾಸಿಗೆಗಳ ಮೇಲೆ ಕುಳಿತಿದ್ದ ಹೆಂಗಸರ ನಡುವಿನಿಂದ ಸಾವಿತ್ರವ್ವನ ದನಿ ಬಂತು.

“ನಾವ. ಮತ್ತ್ಯಾರು, ಆಲದ ಮರಾನ?”

ರೂಪಾಲಿ ಗೇರು ಹಾಕಿದಳು. ಆಲದ ಮರ ಹಿಂದೆ ಸರಿಯಿತು. ಬೀರದೇವ ಹಿಡಿಯ ಮೇಲಿಂದ ಕೈ ತೆಗೆದು ಮರಿಗಳನ್ನು ಮತ್ತೆ ತೊಡೆಗೆ ಎತ್ತಿಕೊಂಡ. ಮುಂದೆ ಒಂದು ಕೂಗಳತೆ ದಾಟಿದ ಮೇಲೆ ರಸ್ತೆಗೆ ಹತ್ತಿ ಒಂದು ಕೊಯ್ದ ಹೊಲ, ಅದರ ಮೂಲೆಯಲ್ಲಿ ಕಲ್ಲುಕಟ್ಟಿದ ಬಾವಿ ಕಂಡವು. ಹೊಲದವನು ಬದುವಿನ ಮೇಲೆ ನಿಂತಿದ್ದ. ರೂಪಾಲಿ ಕಿಟಕಿಯಿಂದಲೇ ಅವನೊಡನೆ ಮರಾಠಿಯಲ್ಲಿ ಮಾತಾಡಿದಳು: ರಾತ್ರಿ ಕುರಿ ನಿಲ್ಲುತ್ತವೆ, ಗೊಬ್ಬರ ಅವನದು, ನೀರು ಇವರದು. ಅವನು ತಲೆಯಾಡಿಸಿದ. ನೆರಳು ಎಲ್ಲಿಯೂ ಇರಲಿಲ್ಲ. ಮಲಗಿದರೆ ರಸ್ತೆಯೂ ಕಾಣುತ್ತಿರಲಿಲ್ಲ.

ಹೆಂಗಸರು ಗಾಡಿ ಪೂರ್ತಿ ನಿಲ್ಲುವ ಮೊದಲೇ ಕೊಡ ಹಿಡಿದು ಇಳಿದರು. ಬೀರದೇವ ಒಳಗೇ ಕುಳಿತಿದ್ದ.

“ಮಾವಾರ,” ಎಂದಳು ರೂಪಾಲಿ, “ಇಲ್ಲಿ ಇಳಿಜಾರ ಐತಿ. ಗಾಲಿಗಿ ಕಲ್ಲ ಕೊಡ್ರಿ.”

ಬೀರದೇವ ಇಳಿದ. ಬದುವಿನಿಂದ ಒಂದು ಕಲ್ಲು ಎತ್ತಿ ತಂದು ಗಾಲಿಗೆ ಕೊಟ್ಟ. ಅದು ಸಾಲದೆಂದು ತೋರಿತು. ಇನ್ನೊಂದು ತಂದು ಆ ಬದಿಯ ಗಾಲಿಗೂ ಕೊಟ್ಟ. ಗಾಡಿಯನ್ನು ಭುಜದಿಂದ ಒಮ್ಮೆ ನೂಕಿ ನೋಡಿದ. ಅಲುಗಲಿಲ್ಲ. ಆಮೇಲೆ ಹಿಂದೆ ಹೋಗಿ ಹೊರೆಯ ಹಗ್ಗ ಬಿಚ್ಚಿದ.